ಕೊಕ್ಕರೆ ನಮ್ಮ ಬೀಗಿತ್ತಿಯಾದ ಕಥೆ

ಗಾಬರಿ ಬೀಳೋರ ಮನೆಯನ್ನೇ ಹುಡುಕ್ಕೊಂಡು ಗಾಬರಿ ಬೀಳೋ ಸಂಗತಿಗಳು ಬರ್ತವೆ. ನೆಮ್ಮದಿಯಾಗಿರೋರ ಮನೆ ಮುಂದೆ ಸುಮ್ನೆ ಹಾದು ಹೋಗ್ತವೆ, ನಮ್ಮನೆ ಮುಂದೆ ಮಾತ್ರ ನಿಂತು ಬೆಲ್ ಒತ್ತುತ್ತವೆ. "ನೀನು ಸುಮ್ನಿದ್ರೆ ಏನೂ ಆಗಲ್ಲ" ಅಂತಾರೆ ನಮ್ಮ ಯಜಮಾನ್ರು. ಸುಮ್ನಿದ್ದಾಗಲೇ ಅಲ್ವಾ ಆಗೋದು?

ನಾನು ಮದ್ದೂರಲ್ಲಿ ಲೇಡೀಸ್ ಟೈಲರು. ಯಜಮಾನ್ರಿಗೆ ಹಾಲಿನ ಡೈರೀಲಿ ಕೆಲಸ. ಇರೋಳು ಒಬ್ಬಳೇ ಮಗಳು, ಮಂಡ್ಯದ ಒಂದು ಆಸ್ಪತ್ರೇಲಿ ನರ್ಸು. ಅವಳನ್ನ ಈಚೆಗೆ ನನ್ನ ಹೈಸ್ಕೂಲ್ ಗೆಳತಿಯ ಮಗನಿಗೇ ಕೊಟ್ವಿ. ಮಕ್ಕಳೇ ಒಪ್ಕೊಂಡ್ರು, ನಾವು ಹೂಂ ಅಂದ್ವಿ. "ಗೊತ್ತಿರೋ ಮನೆ, ಪುಣ್ಯ ಮಾಡಿದ್ರಿ ಕಣ್ರೀ" ಅಂತ ಊರೆಲ್ಲಾ ಹೇಳ್ತು. ನನಗೆ ಮಾತ್ರ ಎದೆ ಡವಡವ. ಮಗಳ ಚಿಂತೆ ಅಲ್ಲ, ಅವಳು ಗಟ್ಟಿಗಿತ್ತಿ, ಎಲ್ಲಿ ಹಾಕಿದ್ರೂ ಬದುಕ್ತಾಳೆ. ನನ್ನ ಚಿಂತೆ ಗೆಳತೀದು. ನಮ್ಮ ಕಡೆ ಹೆಣ್ಣು ಕೊಟ್ಟೋರು ಬಗ್ಗಿ ನಡೀಬೇಕು, ಗಂಡಿನ ಕಡೆಯೋರು ಬಿಗ್ದುಕೊಂಡು ಕೂರ್ಬೇಕು. ಒಂದೇ ಡಬ್ಬೀಲಿ ಚಿತ್ರಾನ್ನ ತಿಂದೋಳು ನಾಳೆ ಬಿಗ್ದುಕೊಂಡು ಕೂತ್ರೆ ನಾನೇನು ಮಾಡ್ಲಿ? ಮಗಳಿಗೆ ಗಂಡ ಸಿಕ್ಕಿ ನನಗಿದ್ದ ಒಬ್ಬಳು ಗೆಳತಿ ಕೈಬಿಟ್ಟು ಹೋದ್ರೆ? ಈ ಮದುವೆ ಮುಗಿಯೋವರೆಗೂ ನಾನು ನೆಟ್ಟಗೆ ನಿದ್ದೆ ಮಾಡ್ಲಿಲ್ಲ.

೧. ಪಾಸು, ಫೇಲು

ಗೆಳತಿ ಯಾರು ಅಂತ ಮೊದ್ಲು ಹೇಳ್ಬೇಕು. ಅವಳ ಊರು ಕೊಕ್ಕರೆ ಬೆಳ್ಳೂರು. ಸೋದರಮಾವನ ಮನೇಲಿದ್ದು ನಮ್ಮ ಕೊಪ್ಪದ ಹೈಸ್ಕೂಲಿಗೆ ಬರ್ತಿದ್ಲು. ಕಾಲೂ ಉದ್ದ, ಕತ್ತೂ ಉದ್ದ, ಊರೂ ಅದೇ. ಬಂದ ದಿನವೇ "ಕೊಕ್ಕರೆ" ಅಂತ ಹೆಸರು ಬಿತ್ತು. ನನಗೆ ಅವಳು ಇಟ್ಟ ಹೆಸರು "ಗಾಬ್ರಿ". ಇಬ್ಬರ ಹೆಸರೂ ಈವರೆಗೂ ಉಜ್ಜಿದ್ರೂ ಹೋಗಿಲ್ಲ.

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ನನಗೆ ಸ್ಕೂಲ್ ಕಡೆ ಮುಖ ಹಾಕೋಕೂ ಭಯ. "ನಂದೂ ನೀನೇ ನೋಡ್ಕೊಂಡು ಬಾರೇ" ಅಂತ ಕೊಕ್ಕರೆನ ಕಳಿಸಿ, ನಾನು ಮನೆ ಹಿಂದೆ ಹುಲ್ಲಿನ ಮೆದೆ ಹತ್ರ ಕೂತೆ. ಅರ್ಧ ಗಂಟೆ ಬಿಟ್ಟು ಬಂದ್ಲು. ಮುಖ ಬಾಡಿತ್ತು, ಕಣ್ಣು ಕೆಂಪಾಗಿತ್ತು. ಇನ್ನು ಕೇಳೋದೇನಿದೆ? ನಾನು ಓ ಅಂತ ಶುರು ಮಾಡಿದೆ. ನನ್ನ ದನಿ ಕೇಳಿ ನಮ್ಮವ್ವ ಓಡಿ ಬಂದು ಎದೆ ಬಡ್ಕೊಂಡ್ಲು. ಅಕ್ಕಪಕ್ಕದೋರು ಬಂದ್ರು. "ಓಗ್ಲಿ ಬುಡವ್ವ, ಮುಂದಿನ್ ಸಲ ಕಟ್ಟು" ಅಂತ ಒಬ್ಬರು ತಲೆ ಸವರಿದ್ರು, ಇನ್ನೊಬ್ಬರು ಮಜ್ಜಿಗೆ ತಂದುಕೊಟ್ರು. ನಾನು ಮಜ್ಜಿಗೆ ಕುಡಿಯೋದು, ಅಳೋದು, ಮತ್ತೆ ಕುಡಿಯೋದು.

ಅಷ್ಟೊತ್ತೂ ಕೊಕ್ಕರೆ ಮೆದೆ ಪಕ್ಕದಲ್ಲಿ ನಿಂತಿದ್ಲು. ಕೊನೆಗೆ ತಡ್ಕೊಳ್ಳೋಕಾಗದೆ ಹತ್ರ ಬಂದು ಅಂದ್ಲು:

"ಲೇ ಗಾಬ್ರೀ, ನೀನು ಪಾಸು ಕಣಮ್ಮೀ. ಫೇಲಾಗಿರೋಳು ನಾನು. ಒಸಿ ಜಾಗ ಬುಡ್ತೀಯಾ, ನಾನೂ ಅಳ್ಬೇಕು!"

೨. ಕರಿಬೇವು

ಮುಂದಿನ ಪರೀಕ್ಷೇಲಿ ಅವಳೂ ಪಾಸಾದ್ಲು. ಆಮೇಲೆ ಅವಳನ್ನ ಮಳವಳ್ಳಿಗೆ ಕೊಟ್ರು, ನನ್ನನ್ನ ಮದ್ದೂರಿಗೆ ಕೊಟ್ರು. ನಡುವೆ ಒಂದೇ ಬಸ್ಸು. ಅವಳು ನಮ್ಮನೆಗೆ ಬಂದ್ರೆ ಕದ ತಟ್ಟೋಳಲ್ಲ, ಸೀದಾ ಅಡುಗೆಮನೆಗೆ ನುಗ್ಗಿ ಡಬ್ಬಿ ಮುಚ್ಚಳ ತೆಗೆಯೋಳು. ಅಂಥೋಳು ಹೆಣ್ಣು ನೋಡೋ ದಿನ ಅತ್ತೆ ಜೊತೆ ಬಂದು ನಮ್ಮ ಹಾಲ್‌ನಲ್ಲಿ ರೇಷ್ಮೆ ಸೀರೆ ಉಟ್ಟು, ಮೊಣಕಾಲು ಜೋಡಿಸಿ ಕೂತಿದ್ಲು. ನೋಡೋಕೇ ಭಯ ಆಯ್ತು.

ಅವಳತ್ತೆ ಅಂದ್ರೆ ಮಳವಳ್ಳಿ ಮನೆಗೆ ಹೈಕೋರ್ಟು ಇದ್ದ ಹಾಗೆ. ಅಜ್ಜಿ ಹೇಳಿದ ಮೇಲೆ ಮುಂದಕ್ಕೆ ಅಪೀಲಿಲ್ಲ. ಗೆಳತಿಯ ಗಂಡನೂ ಬಂದಿದ್ರು, ಆದ್ರೆ ಅವರು ಮಾತಿಲ್ಲದ ಮನುಷ್ಯ. ಅಜ್ಜಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನಾನು ಎದುರಿಗೇ ನಿಂತಿದ್ರೂ ಸೊಸೇನ ಕೇಳಿದ್ರು:

"ಉಡ್ಗಿ ತಾಯಿ ಗುಣ ಎಂಗೆ?"

ನನ್ನ ಜೀವ ಬಾಯಿಗೆ ಬಂತು. ನನ್ನ ಗೆಳತಿ ಸೆರಗು ಸರಿಮಾಡ್ಕೊಂಡು, ಮೊದಲನೇ ಸಲ ನೋಡೋಳ ಥರ ನನ್ನ ಮೇಲೆ ಕೆಳಗೆ ನೋಡಿ, "ಗುಣಕ್ಕೇನೂ ಮೋಸ ಇಲ್ಲತ್ತೆ, ಗಾಬ್ರಿ ಒಸಿ ಜಾಸ್ತಿ" ಅಂದ್ಲು.

ಅಷ್ಟರಲ್ಲಿ ಒಳಗೆ ಹಾಲು ಉಕ್ಕೋ ವಾಸನೆ. ನಾನು ಏಳೋ ಮೊದ್ಲೇ ಅವಳು ಎದ್ದು ಓಡಿ ಸ್ಟೌ ಆರಿಸಿ, ಕಟ್ಟೆ ಒರೆಸಿ ಬಂದು ಮತ್ತೆ ಮೊಣಕಾಲು ಜೋಡಿಸಿ ಕೂತ್ಲು. ಅಜ್ಜಿ ಕಣ್ಣು ಕಿರಿದು ಮಾಡಿದ್ರು. ನಾನು ಮನಸ್ಸಲ್ಲೇ ದೇವರಿಗೆ ಈಡುಗಾಯಿ ಹರಸ್ಕೊಂಡೆ.

ಹೊರಡೋ ಹೊತ್ತು. ಕುಂಕುಮ ಕೊಟ್ಟೆ, ಎಲೆ ಅಡಿಕೆ ಕೊಟ್ಟೆ. ಅಜ್ಜಿ ಕಾರ್ ಹತ್ತಿ ಕೂತು ನೋಡ್ತಾರೆ, ಸೊಸೆ ಇಲ್ಲ. ಎಲ್ಲಿದಾಳೆ? ಹಿತ್ತಲಲ್ಲಿ! ಬಂದಾಗೆಲ್ಲ ನಮ್ಮ ಗಿಡದಿಂದ ಕರಿಬೇವು ಕಿತ್ಕೊಂಡು ಹೋಗೋದು ಅವಳ ರೂಢಿ. ಕೈ ತಾನಾಗೇ ಹೋಗಿದೆ. ರೇಷ್ಮೆ ಸೆರಗಿನ ತುಂಬ ಕರಿಬೇವು ಕಟ್ಕೊಂಡು ಮನೆ ಪಕ್ಕದ ಸಂದಿಯಿಂದ ಬಂದ್ಲು.

ಅಜ್ಜಿ ಕಾರೊಳಗಿಂದಲೇ ಕೂಗಿದ್ರು: "ಅಲ್ಲ ಕಣಮ್ಮೀ, ಸಂಬಂದ ಇನ್ನೂ ಕುದುರಿಲ್ಲ, ಆಗ್ಲೇ ಬೀಗರ ಗಿಡ ಬೋಳ್ಸ್‌ಬುಟ್ಟಲ್ಲ!"

೩. ಕಷಾಯ

ಸಂಬಂಧ ಕುದುರ್ತು. ಎಂಗೇಜ್‌ಮೆಂಟ್ ಆದ ಗಳಿಗೇಲೇ ಅಜ್ಜಿ ನಮ್ಮಿಬ್ಬರನ್ನೂ ಮುಂದೆ ಕೂರಿಸ್ಕೊಂಡು ಕಾನೂನು ಓದಿದ್ರು. "ಇವತ್ತಿಂದ ಲೇ ಗೀ ಅನ್ನಂಗಿಲ್ಲ. ಅಡ್ಡೆಸ್ರು ಕೂಗಂಗಿಲ್ಲ. ಬೀಗರೇ ಅನ್ಬೇಕು. ಬನ್ನಿ, ಕೂತ್ಕಳಿ ಅನ್ಬೇಕು. ಇಲ್ದಿದ್ರೆ ಜನ ಆಡ್ಕತಾರೆ."

ನಾನು ಹೆದರಿದ್ದು ಇದಕ್ಕೇ. ದಿನಾ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ನಾವಿಬ್ಬರೂ ಫೋನಲ್ಲಿ ಒಂದು ಗಂಟೆ ಮಾತಾಡ್ತಿದ್ವಿ. ಏನು ಮಾತು ಅಂದ್ರೆ ನನಗೂ ಗೊತ್ತಿಲ್ಲ. ಬೈಕೊಳ್ಳೋದು, ನಗೋದು, ಸಾರಿಗೆ ಏನು ಅಂತ ಕೇಳೋದು. ಎಂಗೇಜ್‌ಮೆಂಟ್ ಆದ ಮಾರನೇ ದಿನದ ಫೋನು ಹೀಗಿತ್ತು:

"ಬೀಗರೇ, ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀವಿ ಬೀಗರೇ. ನಿಮ್ಮ ಕಡೆ ಮಳೆ ಆಯ್ತಾ?"

"ಇಲ್ಲ. ನಿಮ್ಮ ಕಡೆ?"

"ಮೋಡ ಆಗಿದೆ."

ಅಷ್ಟೇ. ಮುಂದೆ ಇಬ್ಬರ ಬಾಯಿಗೂ ಬೀಗ. ಅಜ್ಜಿ ಅಲ್ಲೇ ಪಕ್ಕದಲ್ಲಿ ಕೂತು ಕೆಮ್ಮೋದು ನನಗೆ ಕೇಳಿಸ್ತಿತ್ತು. ಯಜಮಾನ್ರು ಪೇಪರಿಂದ ತಲೆ ಎತ್ತಿ, "ಯಾಕೆ, ಕರೆನ್ಸಿ ಮುಗೀತಾ?" ಅಂದ್ರು. ನನಗೆ ಅವತ್ತು ಅನ್ನ ಸೇರ್ಲಿಲ್ಲ. ಹೋಯ್ತು, ನನ್ನ ಗೆಳತಿ ಕೈಬಿಟ್ಟು ಹೋದ್ಲು ಅಂತ ಮಿಷನ್ ಮುಂದೆ ಕೂತು ಅತ್ತೆ. ಯಾರದೋ ಚೂಡಿದಾರಕ್ಕೆ ಎರಡೂ ಎಡಗೈ ತೋಳೇ ಹೊಲಿದುಬಿಟ್ಟಿದ್ದೆ.

ನಾಲ್ಕೈದು ದಿನ ಆದ ಮೇಲೆ ಫೋನು ಬಂತು. ಹಿಂದೆ ಜೋರಾಗಿ ನೀರು ಸುರಿಯೋ ಸದ್ದು.

"ಲೇ ಗಾಬ್ರೀ, ಬಚ್ಚಲುಮನೇಲಿದ್ದೀನಿ ಕಣೇ. ನಲ್ಲಿ ಬುಟ್ಟಿದ್ದೀನಿ, ಬೇಗ ಮಾತಾಡು!"

ಆಹಾ, ನನಗೆ ಹೋದ ಜೀವ ಬಂತು. ಆಮೇಲೆ ದಿನಾ ಸಂಜೆ ಬಚ್ಚಲುಮನೆ ಫೋನು. ಇಪ್ಪತ್ತು ನಿಮಿಷ, ಅರ್ಧ ಗಂಟೆ. ನನಗೆ ಮತ್ತೆ ಹೊಸ ಗಾಬರಿ, ಅಜ್ಜಿಗೆ ಗೊತ್ತಾದ್ರೆ? ಒಂದು ವಾರ ಕಳೀತು. ಒಂದು ಸಂಜೆ ಅವಳ ದನಿ ಯಾಕೋ ಕುಗ್ಗಿತ್ತು. "ಏನಾಯ್ತೇ, ಅತ್ತೆಗೆ ಗೊತ್ತಾಯ್ತಾ?" ಅಂದೆ.

"ಗೊತ್ತಾಗಿದ್ರೆ ಚೆನ್ನಾಗಿತ್ತು. ನಂಗೆ ಭೇದಿ ಅಂದ್ಕೊಂಡವ್ರೆ. ದಿನಾ ದಾಳಿಂಬೆ ಸಿಪ್ಪೆ ಕಷಾಯ ಕಾಯಿಸಿಕೊಂಡು ಬಾಗ್ಲಲ್ಲೇ ನಿಂತಿರ್ತಾರೆ. ಇನ್ನು ನನ್ನ ಸ್ನೇಹ ಬೇಕು ಅಂದ್ರೆ ಮಾತು ಒಸಿ ಕಮ್ಮಿ ಮಾಡು ಕಣಮ್ಮೀ, ಈಗ ನಿಜವಾಗ್ಲೂ ಹೋಗ್ಬೇಕು ಅಂದ್ರೂ ಹೋಗೋಕಾಗ್ತಿಲ್ಲ!"

೪. ಅದೇ ಅಳತೆ

ಮದುವೆ ರವಿಕೆ ಹೊಲಿಸೋ ಕಾಲ ಬಂತು. ಕೊಕ್ಕರೆಗೆ ಮದುವೆ ಆದಾಗಿನಿಂದ ಅವಳ ರವಿಕೆ ಹೊಲಿದಿರೋಳು ನಾನೇ. ಆದ್ರೆ ಅಜ್ಜಿ ಒಪ್ಪಲಿಲ್ಲ. "ಬೀಗರ ಕೈಲಿ ರವ್ಕೆ ಒಲಿಸ್ತಾರಾ? ಮರ್ವಾದೆ ಬ್ಯಾಡ್ವಾ?" ಹೀಗಾಗಿ ಬಟ್ಟೆ ಮಳವಳ್ಳೀಲೇ ಒಬ್ಬ ಟೈಲರ್ ಹತ್ರ ಹೋಯ್ತು.

ಮದುವೆಗೆ ಮೂರು ದಿನ ಇದೆ ಅನ್ನೋವಾಗ, ಮಟಮಟ ಮಧ್ಯಾಹ್ನ, ನನ್ನ ಅಂಗಡಿಗೆ ಒಬ್ಬಳು ತಲೆ ತುಂಬ ಸೆರಗು ಹೊದ್ದು, ದವಡೆಗೆ ಕೈ ಒತ್ತಿಕೊಂಡು ಬಂದ್ಲು. ಯಾರೋ ಗಿರಾಕಿ ಅಂದ್ಕೊಂಡೆ. ಸೆರಗು ತೆಗೆದ್ರೆ ಕೊಕ್ಕರೆ.

"ಹಲ್ಲು ಕೀಳಿಸಿಕೊಳ್ಳೋಕೆ ಹೋಗ್ತೀನಿ ಅಂತ ಹೇಳಿ ಬಸ್ಸು ಹತ್ತಿದ್ದೀನಿ. ಇದನ್ನ ನೋಡು."

ಚೀಲದಿಂದ ರವಿಕೆ ತೆಗೆದು ಹಾಕ್ಕೊಂಡ್ಲು. ಹಾಕ್ಕೊಂಡ್ಲು ಅನ್ನೋದು ನನ್ನ ಮರ್ಯಾದೆ ಮಾತು. ಒಂದು ಕೈ ಒಳಗೆ ಹೋಯ್ತು, ಇನ್ನೊಂದು ಹೊರಗೇ ಉಳೀತು. ಹೋದ ಕೈ ವಾಪಸ್ ಬರ್ಲಿಲ್ಲ.

"ಯಾವ ಅಳತೆ ಕೊಟ್ಟೆ?"

"ಅವನು ಟೇಪು ತಗೊಂಡ. ಏನೂ ಬೇಡ, ಮೂವತ್ತೆರಡು ಹೊಲಿ, ಮದುವೆ ಆದಾಗಿಂದ ನಂದು ಅದೇ ಅಳತೆ ಅಂದೆ."

ತಪ್ಪು ನಂದೇ. ಯಾಕಂದ್ರೆ ಪ್ರತಿ ಸಲ ಬಟ್ಟೆ ಕೊಡುವಾಗ ಅವಳು "ಅದೇ ಅಳತೆ ಅಲ್ವಾ?" ಅನ್ನೋಳು, ನಾನು "ಅದೇ ಕಣೇ" ಅನ್ನೋಳು. ಮೊದಲ ಹೆರಿಗೆ ಆದ ಮೇಲೆ ಹೇಳದೇ ಒಂದು ಇಂಚು ಜಾಸ್ತಿ ಬಿಟ್ಟೆ. ಎರಡನೇದು ಆದ ಮೇಲೆ ಇನ್ನೊಂದು ಇಂಚು. ಆಮೇಲೆ ಯುಗಾದಿಗೊಂದು, ಗೌರಿಹಬ್ಬಕ್ಕೊಂದು. ಹೇಳಿದ್ರೆ ಎಲ್ಲಿ ಊಟ ಬಿಟ್ಟುಬಿಡ್ತಾಳೋ ಅನ್ನೋ ಭಯ ನನಗೆ.

"ಅದೇ ಅಳತೆ ಅಂತಿದ್ಯಲ್ಲೇ!" ಅಂದ್ಲು. "ಈಗ ಎಷ್ಟು?"

"ಕೇಳ್ಬೇಡ. ಮದುವೆ ಮುಗೀಲಿ."

ಅವಳು ಸ್ಟೂಲ್ ಮೇಲೆ ಧೊಪ್ಪನೆ ಕೂತ್ಲು. ಆಮೇಲೆ ನಗು ಶುರುವಾಯ್ತು. ಇಬ್ಬರೂ ನಕ್ಕು ನಕ್ಕು ಸಾಕಾಯ್ತು. ಬಾಗಿಲು ಹಾಕ್ಕೊಂಡು ಹೊಲಿಗೆ ಎಲ್ಲ ಬಿಚ್ಚಿ, ಕಂಕುಳ ಹತ್ರ ತುಂಡು ಕೊಟ್ಟು, ಹೊರಗಿನೋರಿಗೆ ಗೊತ್ತಾಗದ ಹಾಗೆ ಸರಿಮಾಡಿದೆ. ಹೋಗುವಾಗ ಮತ್ತೆ ದವಡೆಗೆ ಕೈ ಇಟ್ಕೊಂಡು ಬಸ್ಸು ಹತ್ತಿದ್ಲು.

ಸಂಜೆ ರವಿಕೆ ಹಾಕಿ ತೋರಿಸಿದಾಗ ಅಜ್ಜಿ ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಾಯಿ ಮೇಲೆ ಬೆರಳಿಟ್ಟುಕೊಂಡ್ರಂತೆ. "ಬೆಳಿಗ್ಗೆ ಕೈಯೇ ತೂರ್ತಿರ್ಲಿಲ್ಲ. ಒಂದ್ ಅಲ್ಲು ಕಿತ್ತಿದ್ಕೆ ಇಷ್ಟು ಇಳ್ದೋದ್ಯಲ್ಲ ಮಗಾ!"

೫. ಮುನಿಸು

ಮದುವೆ ಮಂಡ್ಯದ ಒಂದು ಕಲ್ಯಾಣಮಂಟಪದಲ್ಲಿ. ಮದುವೆ ಮಾಡಿ ನೋಡು ಅಂದೋರು ಗಾಬರಿ ಬೀಳೋರಿಗೆ ಹೇಳಿದ್ದಲ್ಲ. ಹಿಂದಿನ ದಿನ ಸಂಜೆ ಗಂಡಿನ ಕಡೆಯೋರನ್ನ ಆರತಿ ಎತ್ತಿ ಬರಮಾಡಿಕೊಂಡು, ಕಾಫಿ ಕಳಿಸಿ, ಉಸಿರು ಬಿಡೋಣ ಅನ್ನೋಷ್ಟರಲ್ಲಿ ಯಜಮಾನ್ರು ಬಂದು ಮೆಲ್ಲಗೆ ಹೇಳಿದ್ರು, "ಬೀಗಿತ್ತಿ ಮುನಿಸ್ಕೊಂಡಿದ್ದಾರೆ. ಕಾಫಿ ಆರೋಗಿತ್ತಂತೆ."

ಯಾವುದು ಆಗಬಾರದು ಅಂತಿದ್ನೋ ಅದೇ ಆಯ್ತಲ್ಲಪ್ಪಾ! ಬಿಸಿ ಕಾಫಿ ಹಿಡ್ಕೊಂಡು ನಾನೇ ಓಡಿದೆ. ರೂಮಿನಲ್ಲಿ ಅವಳು ಗೋಡೆ ಕಡೆ ತಿರುಗಿ ಕೂತಿದ್ಲು. ಸುತ್ತ ಅವರ ಕಡೆ ಹೆಂಗಸರು. "ಬೀಗರೇ, ತಪ್ಪಾಯ್ತು" ಅಂದೆ. ತಿರುಗ್ಲಿಲ್ಲ. "ನಮ್ಮಿಂದ ಏನಾದ್ರೂ..." ಅನ್ನೋಷ್ಟರಲ್ಲಿ ನನಗೆ ಅಳು ಒತ್ತರಿಸಿ ಬಂತು. ಲೋಟ ಓರೆಯಾಗಿ ಅರ್ಧ ಕಾಫಿ ನೆಲಕ್ಕೆ.

ನನ್ನ ಬಿಕ್ಕು ಕೇಳಿದ್ದೇ ತಡ, ಅವಳು ಗಕ್ಕನೆ ತಿರುಗಿದ್ಲು. ನನ್ನ ಮುಖ ನೋಡಿ ಅವಳೂ ಗೊಳೋ ಅಂದ್ಲು. ಇಬ್ಬರೂ ತಬ್ಬಿಕೊಂಡು ಅಳ್ತಾ ಇದ್ರೆ ಮಂಟಪದಲ್ಲಿ ಗುಲ್ಲೋ ಗುಲ್ಲು. ಏನೋ ದೊಡ್ಡ ಅನಾಹುತ ಆಗಿದೆ ಅಂತ ಎರಡೂ ಕಡೆಯ ಯಜಮಾನರು ಟವೆಲ್ ಹೆಗಲಿಗೆ ಹಾಕ್ಕೊಂಡು ಪಂಚಾಯ್ತಿಗೆ ಸೇರಿಬಿಟ್ರು. ಅಜ್ಜಿ ಹಣೆ ಚಚ್ಚಿಕೊಂಡ್ರು: "ಗಂಡಿನ ತಾಯಿ ಒಂದ್ ಕಿತ ಮುನಿಸ್ಕಬೇಕು, ಅದು ಸಾಸ್ತ್ರ ಅಂತ ಏಳ್ಕೊಟ್ಟೆ. ಇವ್ಳು ನೋಡುದ್ರೆ ಅಳ್ತಾ ಕೂತವ್ಳೆ. ಮುನಿಸ್ಕಳಕ್ಕೂ ಯೋಗ್ತೆ ಬೇಕು!"

ಆಮೇಲೆ ಕಿವೀಲಿ ಗೆಳತಿ ಅಂದ್ಲು, "ಸುಳ್ಳುಮುನಿಸು ಕಣೇ. ನಿಂಗೆ ಮೊದ್ಲೇ ಹೇಳೋಣ ಅಂದ್ರೆ ಮಂಟಪದ ಬಚ್ಚಲಲ್ಲಿ ಕ್ಯೂ ಇತ್ತು." ಅದನ್ನ ಕೇಳಿ ನನಗೆ ಇನ್ನೂ ಜೋರಾಗಿ ಅಳು ಬಂತು.

ಬಾಗಿಲಲ್ಲಿ ಅಡುಗೆ ಭಟ್ಟರು ಕಾಫಿ ಪಾತ್ರೆ ಹಿಡ್ಕೊಂಡು ನಿಂತಿದ್ರು. "ಅಕ್ಕಾ, ಇಬ್ಬರೂ ಅತ್ತು ಮುಗಿಸಿ ಒಂದು ಮಾತು ಹೇಳಿ ಕಳಿಸಿ, ಆಮೇಲೆ ಕಾಯಿಸ್ತೀನಿ. ಇದು ಮತ್ತೆ ಆರೋಯ್ತು."

೬. ಬೀಗರೂಟ

ಮದುವೆ ಆಯ್ತು, ಮಗಳು ಹೋದ್ಲು. ಮಳವಳ್ಳಿ ಮನೆ ತುಂಬ ನೆಂಟರು, ಬಚ್ಚಲುಮನೆ ಫೋನೂ ನಿಂತುಹೋಯ್ತು. ನನಗೆ ಖಾತ್ರಿಯಾಯ್ತು. ಇನ್ನು ಬದುಕಿರೋವರೆಗೂ "ಚೆನ್ನಾಗಿದ್ದೀರಾ, ಮಳೆ ಆಯ್ತಾ" ಅಷ್ಟೇ. ಮನೇಲಿ ಮಗಳಿಲ್ಲ, ಫೋನಲ್ಲಿ ಅವಳಿಲ್ಲ. ಅಂಥ ಹೊತ್ತಲ್ಲಿ ಬೀಗರೂಟಕ್ಕೆ ಕರೆ ಬಂತು.

ಹೊರಡೋ ಮೊದ್ಲು ಯಜಮಾನ್ರು ಬುದ್ಧಿ ಹೇಳಿದ್ರು. "ನೋಡು, ಎಲೇಲಿ ಏನೂ ಬಿಡಬೇಡ. ಬಡಿಸಿದ್ದನ್ನ ಬೇಡ ಅನ್ಬೇಡ. ಬಿಟ್ರೆ ಊಟ ಚೆನ್ನಾಗಿಲ್ಲ ಅಂದ ಹಾಗಾಗ್ತದೆ." ಸರಿ ಅಂದೆ. ಅದೇ ಹೊತ್ತಿಗೆ ಮಳವಳ್ಳೀಲಿ ಅಜ್ಜಿ ಸೊಸೆಗೆ ಹೇಳಿದ್ರಂತೆ, "ಬೀಗಿತ್ತಿ ಎಲೆ ಕಾಲಿ ಕಾಣ್ಬಾರ್ದು. ಕಾಲಿ ಕಂಡ್ರೆ ನಮ್ ಮನೆ ಮಾನ ಓಯ್ತು." ಅದು ನನಗೆ ಗೊತ್ತಿಲ್ಲ. ನಂದು ಅವಳಿಗೆ ಗೊತ್ತಿಲ್ಲ.

ಮನೆ ಮುಂದೆ ಶಾಮಿಯಾನ. ಮೊದಲ ಪಂಕ್ತೀಲಿ ನನ್ನನ್ನ ನಡುಮಧ್ಯೆ ಕೂರಿಸಿದ್ರು. ಗೆಳತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದು ಮುದ್ದೆ ಇಟ್ಲು, ಮೇಲೆ ಮಟನ್ ಸಾರು. "ತಗೊಳ್ಳಿ ಬೀಗರೇ." "ಆಗ್ಲಿ ಬೀಗರೇ." ತಿಂದು ಮುಗಿಸಿದೆ. ಎಲೆ ಖಾಲಿ. ಅವಳು ಗಾಬರಿಯಾಗಿ ಓಡಿ ಬಂದು ಇನ್ನೊಂದು ಮುದ್ದೆ ಇಟ್ಲು. ಬಿಡೋ ಹಾಗಿಲ್ಲವಲ್ಲ, ನಾನೂ ಗಾಬರಿಯಾಗಿ ಅದನ್ನೂ ಬೇಗ ಬೇಗ ನುಂಗಿದೆ. ಮತ್ತೆ ಎಲೆ ಖಾಲಿ. ಮತ್ತೆ ಅವಳು. ಬೋಟಿ ಗೊಜ್ಜು ಬಂತು, ತಿಂದೆ. ಮೊಟ್ಟೆ ಬಂತು, ತಿಂದೆ. ಇಷ್ಟು ತಿಂತಾಳಲ್ಲ, ಎಲ್ಲಿ ಕಮ್ಮಿ ಬೀಳುತ್ತೋ ಅಂತ ಅವಳ ಹಣೇಲಿ ಬೆವರು. ಇಷ್ಟು ಬಡಿಸ್ತಾಳಲ್ಲ, ನನ್ನ ಮೇಲೆ ಏನು ಸಿಟ್ಟೋ ಅಂತ ನನ್ನ ಹಣೇಲಿ ಬೆವರು. ಪಕ್ಕದೋರೆಲ್ಲ ತಿನ್ನೋದು ನಿಲ್ಲಿಸಿ ನನ್ನನ್ನೇ ನೋಡ್ತಿದ್ರು. ಒಬ್ಬರು ಮೆಲ್ಲಗೆ, "ಮದ್ದೂರಲ್ಲಿ ಊಟ ಸಿಗಾಕಿಲ್ವಾ ಪಾಪ" ಅಂದಿದ್ದು ಕೇಳಿಸ್ತು.

ಅವಳು ಮತ್ತೆ ಮುದ್ದೆ ತಂದ್ಲು. ಎಲೆ ಮೇಲೆ ಇಡೋಕೆ ಬಗ್ಗಿದ್ಲು. ಅಷ್ಟೇ. ಬೀಗರು ಮರೆತುಹೋದ್ರು, ಶಾಸ್ತ್ರ ಮರೆತುಹೋಯ್ತು, ಹೊಟ್ಟೆಯೊಳಗಿಂದ ದನಿ ತಾನಾಗೇ ಬಂತು:

"ಲೇ ಕೊಕ್ಕರೇ! ಸಾಯಿಸ್ಬೇಕು ಅಂತ ಮಾಡಿದ್ದೀಯೇನೇ ನನ್ನ!"

ಶಾಮಿಯಾನದ ಆ ತುದೀಲಿ ಪಲ್ಯದ ಪಾತ್ರೆ ಹಿಡಿದಿದ್ದ ನನ್ನ ಮಗಳು "ಅಮ್ಮಾ!" ಅಂತ ಕಣ್ಣು ಮುಚ್ಚಿಕೊಂಡ್ಲು. ಯಜಮಾನ್ರು ನೀರಿನ ಲೋಟದೊಳಗೆ ಮುಖ ಇಟ್ಟುಕೊಂಡ್ರು. ಮುಗೀತು, ಎಲ್ಲಾ ಮುಗೀತು ಅಂದ್ಕೊಂಡೆ.

ಗೆಳತಿ ಕೈಯಲ್ಲಿ ಮುದ್ದೆ ಹಿಡಿದು ನಿಂತೇ ಇದ್ಲು. ಅವಳ ಮುಖ ಕೆಂಪಾಯ್ತು.

"ಎಲೆ ಖಾಲಿ ಮಾಡಿದ್ರೆ ನಾನೇನು ಮಾಡ್ಲೇ ಗಾಬ್ರೀ? ಸಾಕು ಅನ್ನೋಕೆ ಬಾಯಿಲ್ವಾ ನಿಂಗೆ? ಒಳಗೆ ನಮ್ಮನೆಯೋರಿಗೆ ಸಾರೇ ಉಳಿದಿಲ್ಲ!"

ಕೋಲು ಊರ್ಕೊಂಡು ಅಜ್ಜಿ ಬಂದ್ರು. ಜನ ದಾರಿ ಬಿಟ್ರು. ನಮ್ಮಿಬ್ಬರ ಮುಂದೆ ನಿಂತು, ಸ್ಕೂಲಲ್ಲಿ ಸಿಕ್ಕಿಬಿದ್ದ ಹುಡುಗೀರ ಹಾಗೆ ತಲೆ ತಗ್ಗಿಸಿದ್ದ ನಮ್ಮನ್ನ ಒಂದು ಸಲ ನೋಡಿ, ನನ್ನ ಎಲೆ ನೋಡಿದ್ರು.

"ಉಂಡ್ಯೇನವ್ವ?"

"ಉಂಡೆ ಅಜ್ಜಿ."

"ಸರಿ ಬುಡು. ಬೀಗರೂಟ ಮುಗೀತು. ಇನ್ನು ಎಂಗಾರ ಕರ್ಕಳಿ, ಎಂಗಾರ ಬೈಕಳಿ."

ನಮಗೆ ಅರ್ಥವಾಗ್ಲಿಲ್ಲ. "ಹಂಗಂದ್ರೆ ಅತ್ತೆ?" ಅಂದ್ಲು ಗೆಳತಿ.

"ಅಂಗಂದ್ರೇನು? ಮರ್ವಾದೆ ಬೀಗರೂಟದ ಗಂಟ ಕಣವ್ವ. ಬಂದ ಜನ ನೋಡ್ತಾರೆ ಅಂತ. ಜೀವ ಇರೋಗಂಟ ಅದನ್ನ ಒತ್ಕೊಂಡು ಯಾರು ತಿರುಗ್ತಾರೆ? ನಾನೂ ನಮ್ ಬೀಗಿತ್ತೀನೂ ಬೀಗರೂಟದ ದಿನವೇ ಕೋಳಿ ಕಾಲಿಗೆ ಜಗಳ ಆಡುದ್ವು."

ಅಬ್ಬಾ! ಎಂಗೇಜ್‌ಮೆಂಟ್‌ನಿಂದ ಇಲ್ಲೀಗಂಟ ಪಟ್ಟ ಪಾಡೆಲ್ಲ ಏನಕ್ಕೆ? ನನ್ನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೋ ಹೊಟ್ಟೆ ಬಿಗಿತಕ್ಕೋ ಹೇಳಲಾರೆ. ಗೆಳತಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ನನ್ನ ಪಕ್ಕದಲ್ಲೇ ಕುಕ್ಕರಿಸಿ ಕೂತು, ಕೈಲಿದ್ದ ಮುದ್ದೇನ ನನ್ನ ಎಲೇಲಿಟ್ಟುಕೊಂಡು ತಾನೇ ಮುರಿದು ತಿನ್ನೋಕೆ ಶುರು ಮಾಡಿದ್ಲು. ತಿಂತಾ ತಿಂತಾ ಬಾಯಿ ಬಿಟ್ಲು. ಮೊದಲನೇ ದಿನದ ಫೋನಿಂದ ಹಿಡಿದು ಒಂದೊಂದಾಗಿ ಬೈಗುಳ. ನಾನು ಬಿಡ್ತೀನಾ? ನಾನೂ ಶುರು ಮಾಡಿದೆ. "ನಿಮ್ಮತ್ತೇನ ಒಂದು ಮಾತು ಕೇಳೋಕೆ ಏನಾಗಿತ್ತೇ ನಿಂಗೆ?" "ನಿಂಗೇನಾಗಿತ್ತೇ, ನಾನು ಕಷಾಯ ಕುಡೀತಿದ್ದೆ, ನೀನೇನ್ ಮಾಡ್ತಿದ್ದೆ?" ದನಿ ಏರ್ತಾ ಏರ್ತಾ ಎರಡನೇ ಪಂಕ್ತಿಗೆ ಕಾಯ್ತಿದ್ದೋರೆಲ್ಲ ಮುಂದೆ ಬಂದು ನಿಂತ್ರು.

ಅಜ್ಜಿ ನಮ್ಮಿಬ್ಬರ ನಡುವೆ ಕೋಲು ಅಡ್ಡ ಹಿಡಿದು ಕೂಗಿದ್ರು: "ಬೈಕಳಿ ಅಂದೆ, ನಿಜ! ಬಂದೋರು ಕೈ ತೊಳ್ಯೋಗಂಟನಾದ್ರೂ ತಡೀರ್ರವ್ವಾ!"